ವಿಲಿಮೈನಾ ಹಾಕಿದ ದಾರಿ

ವಿಚಾರಣಾ ವರದಿಯಲ್ಲಿ ವಿಲಿಮೈನಾಳ ಹೆಸರು ಹನ್ನೊಂದು ಕಡೆ ಬರುತ್ತದೆ. ನನ್ನದು ಒಂದೇ ಕಡೆ, ಕೊನೆಯ ಪುಟದಲ್ಲಿ, ‘ಮಾತನಾಡಿಸಲಾದ ಸಿಬ್ಬಂದಿ’ ಎಂಬ ಸಾಲಿನ ಕೆಳಗೆ. ಅದನ್ನು ಓದಿದವರ ಪಾಲಿಗೆ ವಿಲಿಮೈನಾ ಎಂದರೆ ಅಪ್ಪಣೆಯಿಲ್ಲದೆ ಯಂತ್ರಕ್ಕೆ ಕೈಹಾಕಿ ಒಬ್ಬ ರೋಗಿಯ ಸಾವಿಗೆ ಕಾರಣಳಾದ ಹೆಂಗಸು. ಹತ್ತೊಂಬತ್ತು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತವನು ನಾನು. ವರದಿಯಲ್ಲಿ ಇಲ್ಲದ್ದು ನನಗೆ ಗೊತ್ತು. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಈಗ ಹೇಳಿದರೆ ಅವಳಿಗೇನೂ ಉಪಯೋಗವಿಲ್ಲ. ಆದರೂ ಹೇಳುತ್ತೇನೆ.

ವಿಲಿಮೈನಾ ಕೋರೊ ದ್ವೀಪದವಳು. ಅಪ್ಪ ಕೊಬ್ಬರಿ ಒಣಗಿಸಿ ಮಾರುತ್ತಿದ್ದ. ಹದಿನೆಂಟನೆಯ ವಯಸ್ಸಿಗೆ ರಾಜಧಾನಿ ಸುವಾಕ್ಕೆ ಬಂದು, ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು, ಒಂದು ಹೋಟೆಲಿನ ಟೆಲಿಫೋನ್ ಬೋರ್ಡಿನ ಮುಂದೆ ಕೂತಳು. ನೂರಿಪ್ಪತ್ತು ಕೋಣೆ, ನೂರಿಪ್ಪತ್ತು ತೂತು, ಕೈತುಂಬ ವೈರು. ಯಾವ ಕೋಣೆಯವನು ಯಾರನ್ನು ಕೇಳಿದ, ಅವನ ದನಿ ಎಲ್ಲಿಂದ ಹೊರಟು ಎಲ್ಲಿಗೆ ಸೇರಬೇಕು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಆರು ವರ್ಷದ ಮೇಲೆ ಹೋಟೆಲಿನವರು ಹೊಸ ಯಂತ್ರ ತಂದು ಬೋರ್ಡನ್ನು ಗುಜರಿಗೆ ಹಾಕಿದರು. ಜೊತೆಯ ಹುಡುಗಿಯರು ಅಳುತ್ತ ಮನೆಗೆ ಹೋದರೆ ಇವಳು ಯಂತ್ರ ಕೂರಿಸಲು ಬಂದಿದ್ದ ಮೆಕ್ಯಾನಿಕ್ಕಿನ ಹಿಂದೆ ಬಿದ್ದಳು. ‘ಏಣಿ ಹಿಡ್ಕೋತೀನಿ, ಕೆಲಸ ಕಲಿಸು’ ಎಂದಳಂತೆ. ಅವನು ನಕ್ಕ. ಇವಳು ಮೂರು ತಿಂಗಳು ಏಣಿ ಹಿಡಿದಳು.

ಸುವಾದ ವಾಲು ಬೇ ಎಂಬಲ್ಲಿದ್ದ ನಮ್ಮ ಕಂಪನಿಗೆ ಅವಳು ಸೇರಿದ್ದು ಕೇಬಲ್ ಎಳೆಯುವವಳಾಗಿ. ಚಡ್ಡಿಯ ಮೇಲೆ ಸುಲು ಎಂಬ ಲುಂಗಿ ಸುತ್ತಿಕೊಂಡು, ದಪ್ಪ ದೇಹವನ್ನು ಚಾವಣಿಯ ಸಂದಿಗೆ ತೂರಿಸಿ, ಮುಖಕ್ಕೆಲ್ಲ ಜೇಡರಬಲೆ ಮೆತ್ತಿಸಿಕೊಂಡು ಇಳಿಯುತ್ತಿದ್ದಳು. ಉಳಿದದ್ದನ್ನೆಲ್ಲ ಬಸ್ಸಿನಲ್ಲಿ ಕೂತು ಪುಸ್ತಕ ಓದಿ ಕಲಿತಳು. ಡಿಗ್ರಿ ಇರಲಿಲ್ಲ. ಗಂಡ ಬೇಗ ತೀರಿಹೋಗಿದ್ದ. ಮಗಳನ್ನು ಲಂಬಾಸಾಕ್ಕೆ ಕೊಟ್ಟಿದ್ದಳು. ಭಾನುವಾರ ಚರ್ಚಿನ ಹಾಡಿನ ತಂಡ, ಉಳಿದ ಆರು ದಿನ ನಾವು.

ಅವಳಿಗೊಂದು ಅಭ್ಯಾಸವಿತ್ತು. ಯಾರಾದರೂ ಫೋನ್ ಮಾಡಿ ನೆಟ್‌ವರ್ಕ್ ಕೆಟ್ಟಿದೆ ಎಂದರೆ ನಾವು ‘ಆಫ್ ಮಾಡಿ ಆನ್ ಮಾಡಿ’ ಎನ್ನುತ್ತಿದ್ದೆವು. ಅವಳು ಹಾಗನ್ನುತ್ತಿರಲಿಲ್ಲ. ‘ನಿನ್ನೆ ಏನಾಗ್ತಿತ್ತು? ಇವತ್ತು ಏನಾಗ್ತಿಲ್ಲ? ಮಧ್ಯೆ ಯಾರು ಏನು ಮುಟ್ಟಿದ್ರು?’ ಈ ಮೂರು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಮೂರನೆಯದಕ್ಕೆ ಉತ್ತರ ಬರುವ ತನಕ ಕಾಯುತ್ತಿದ್ದಳು. ಮೂರನೆಯ ಪ್ರಶ್ನೆ ಯಾವ ಮ್ಯಾನೇಜರಿಗೂ ಹಿಡಿಸುತ್ತಿರಲಿಲ್ಲ.

ಅವಿನೇಶ್ ಮಹಾರಾಜ್ ಬಂದದ್ದು ಆಗ. ನನ್ನ ಹಾಗೇ ಇಲ್ಲಿನ ಇಂಡಿಯನ್, ಬಾ ಎಂಬ ಊರಿನ ಕಡೆಯ ಕಬ್ಬು ಬೆಳೆಯುವ ಮನೆತನದ ಹುಡುಗ. ಬ್ರಿಸ್ಬೇನಿನಲ್ಲಿ ಓದಿ, ಅಲ್ಲೇ ಹತ್ತು ವರ್ಷ ಕೆಲಸ ಮಾಡಿ, ಮ್ಯಾನೇಜರಾಗಿ ಮರಳಿದ್ದ. ಕೆಟ್ಟವನಲ್ಲ. ಎಲ್ಲರ ಹುಟ್ಟುಹಬ್ಬಕ್ಕೂ ಕೇಕ್ ತರಿಸುತ್ತಿದ್ದ. ನಮ್ಮ ಕಂಪನಿ ಆಗ ಮೂರು ಗಿರಾಕಿಗಳ ನೆಟ್‌ವರ್ಕ್ ನೋಡಿಕೊಳ್ಳುತ್ತಿತ್ತು: ಒಂದು ಹಡಗಿನ ಕಂಪನಿ, ಒಂದು ರಕ್ತಪರೀಕ್ಷೆಯ ಲ್ಯಾಬು, ಮತ್ತೆ ಮೂರು ಊರುಗಳಲ್ಲಿ ಡಯಾಲಿಸಿಸ್ ನಡೆಸುವ ಒಂದು ಕ್ಲಿನಿಕ್ಕು. ನೆಟ್‌ವರ್ಕಿನಲ್ಲಿ ಹೋಗಿಬರುವುದನ್ನೆಲ್ಲ ತಡೆದು ನೋಡಿ ಬಿಡುವ ಡಬ್ಬಿಗೆ ಫೈರ್‌ವಾಲ್ ಎನ್ನುತ್ತಾರೆ; ಪ್ರತಿಯೊಬ್ಬರಿಗೂ ಬೇರೆ ಬೇರೆ ಇತ್ತು, ಎಲ್ಲವೂ ಹಳೆಯವು. ಅವಿನೇಶ್ ಎಲ್ಲದರ ಬದಲಿಗೆ ಒಂದೇ ದೊಡ್ಡ ಫೈರ್‌ವಾಲ್ ತರಿಸಿದ. ಅದನ್ನು ಒಳಗೊಳಗೇ ನಾಲ್ಕು ಪಾಲು ಮಾಡುವುದು, ಒಬ್ಬೊಬ್ಬ ಗಿರಾಕಿಗೆ ಒಂದೊಂದು, ನಮ್ಮ ಇಂಟರ್ನೆಟ್ಟಿಗೊಂದು. ಪುಸ್ತಕದ ಪ್ರಕಾರ ಅವುಗಳ ಹೆಸರು ವರ್ಚುವಲ್ ಡೊಮೇನ್. ವಿಲಿಮೈನಾ ಮಾತ್ರ ‘ಮನೆ’ ಎನ್ನುತ್ತಿದ್ದಳು, ಕ್ರಮೇಣ ನಾವೂ ಹಾಗೇ ಅನ್ನತೊಡಗಿದೆವು.

ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಟ್ಟದ್ದು ನನಗಿನ್ನೂ ಕಿವಿಯಲ್ಲಿದೆ. “ಚಾವಣಿ ಒಂದೇ, ಮನೆ ನಾಲ್ಕು. ಗೋಡೆಗೆ ಕಿಟಕಿ ಇಲ್ಲ. ಲ್ಯಾಬ್ ಮನೆಯಿಂದ ಕ್ಲಿನಿಕ್ ಮನೆಗೆ ಹೋಗ್ಬೇಕಂದ್ರೆ ಮಧ್ಯದಲ್ಲಿ ಬಾಗಿಲು ಕೊರೀಬೇಕು. ಬಾಗಿಲಿದ್ರೆ ಸಾಲ್ದು, ಆ ಬಾಗಿಲಿಗೆ ದಾರಿ ಯಾವ್ದು ಅಂತ ಮನೆಯವ್ನಿಗೆ ಗೊತ್ತಿರ್ಬೇಕು. ದಾರಿ ಗೊತ್ತಿದ್ರೂ ಸಾಲ್ದು, ಬಾಗಿಲಲ್ಲಿ ನಿಂತವ್ನು ಬಿಡ್ಬೇಕು. ಇಷ್ಟೂ ಈ ಮನೇಲೂ ಆಗ್ಬೇಕು, ಆ ಮನೇಲೂ ಆಗ್ಬೇಕು. ಹೋದವ್ನು ವಾಪಸ್ ಬರ್ಬೇಕಲ್ಲಪ್ಪ!”

ಹೊಸ ಫೈರ್‌ವಾಲ್ ಜೋಡಿಸುವ ಕೆಲಸವನ್ನು ಬ್ರಿಸ್ಬೇನಿನ ಡೀನ್ ಎಂಬ ಸಲಹೆಗಾರನಿಗೆ ಕೊಟ್ಟಿದ್ದರು. ಅವನು ಅಲ್ಲಿಂದಲೇ ಎಲ್ಲ ಬರೆದು ಕಳಿಸುತ್ತಿದ್ದ. ಅವನ ನಕ್ಷೆಯನ್ನು ಸಭೆಯಲ್ಲಿ ಪರದೆಯ ಮೇಲೆ ತೋರಿಸಿದಾಗ ವಿಲಿಮೈನಾ ಕೈ ಎತ್ತಿದಳು.

“ಲ್ಯಾಬಿಂದ ಕ್ಲಿನಿಕ್ಕಿಗೆ ಹೋಗೋ ದಾರಿ ಕಾಣಿಸ್ತಿದೆ. ಕ್ಲಿನಿಕ್ಕಿಂದ ಲ್ಯಾಬಿಗೆ ಬರೋದು?”

“ಅದನ್ನ ಡೀನ್ ನೋಡ್ಕೋತಾರೆ ಅಕ್ಕ,” ಎಂದ ಅವಿನೇಶ್.

“ಹಳೇ ಡಬ್ಬಿ ಯಾವಾಗ ಕಳಚ್ತೀರಿ? ಎರಡೂ ಒಟ್ಟಿಗೆ ಇದ್ರೆ ಎರಡು ದಾರಿ ಆಗುತ್ತೆ.”

“ಅಕ್ಕ, ನೀವು ಟೆಲಿಫೋನ್ ಬೋರ್ಡಿನ ಕಾಲದವ್ರು. ಎಲ್ಲಾದ್ರಲ್ಲೂ ವೈರು ಸಿಕ್ಕಾಕ್ಕೊಂಡಿದೆ ಅಂತ್ಲೇ ಕಾಣುತ್ತೆ ನಿಮಗೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳೂ ನಕ್ಕಳು, ಆದರೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ನಕ್ಷೆ ಬರೆದುಕೊಂಡಳು.

ಒಂದು ಗುರುವಾರ ಹೊಸ ಫೈರ್‌ವಾಲ್ ಚಾಲೂ ಆಯಿತು. ಮರುದಿನ ಬೆಳಗ್ಗೆಯೇ ನೌಸೋರಿಯ ಡಯಾಲಿಸಿಸ್ ಕೇಂದ್ರದಿಂದ ಸಿಸ್ಟರ್ ಸಲನಿಯೆತಾಳ ಫೋನು. ಲ್ಯಾಬಿನಿಂದ ರಕ್ತದ ವರದಿ ಕೆಲವು ಬರುತ್ತಿವೆ, ಕೆಲವು ಬರುತ್ತಿಲ್ಲ.

ಪೂರ್ತಿ ನಿಂತುಹೋದರೆ ಹುಡುಕುವುದು ಸುಲಭ. ಅರ್ಧ ಕೆಟ್ಟದ್ದು ಪ್ರಾಣ ತಿನ್ನುತ್ತದೆ. ನಾನು ಲ್ಯಾಬಿನ ಕಡೆಯಿಂದ ಪರೀಕ್ಷೆ ಮಾಡಿದೆ, ಸರಿಯಿತ್ತು. ಮತ್ತೊಮ್ಮೆ ಮಾಡಿದೆ, ಇರಲಿಲ್ಲ. ಮೂರನೆಯ ಸಲ ಸರಿ. ‘ಲ್ಯಾಬಿನ ಸರ್ವರ್ ಸುಸ್ತಾಗಿದೆ’ ಎಂದೆ. ವಿಲಿಮೈನಾ ನನ್ನ ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ತನ್ನದನ್ನು ಎಳೆದುಕೊಂಡಳು.

“ಸುಸ್ತಾಗಿರೋದು ನೀನು. ಅತ್ತ ಸರ್ಕೋ.”

ಫೈರ್‌ವಾಲಿನ ಒಳಗೆ ಹಾದುಹೋಗುವ ಒಂದೊಂದು ತುಣುಕನ್ನೂ ಕಣ್ಣಾರೆ ನೋಡುವ ಒಂದು ಆಜ್ಞೆಯಿದೆ. ಪರದೆಯ ಮೇಲೆ ಸಾಲುಗಳು ಸುರಿಯುತ್ತವೆ. ಅವಳು ಮೊದಲು ಲ್ಯಾಬಿನ ಮನೆಯಲ್ಲಿ ಕೂತು ನೋಡಿದಳು, ಆಮೇಲೆ ಎರಡು ಮನೆಯ ನಡುವಿನ ಬಾಗಿಲಲ್ಲಿ, ಆಮೇಲೆ ಕ್ಲಿನಿಕ್ಕಿನ ಮನೆಯಲ್ಲಿ. ತುಟಿ ಅಲುಗುತ್ತಿತ್ತು.

“ಹೊರಟ. ಬಾಗಿಲು ದಾಟಿದ. ಕ್ಲಿನಿಕ್ ಸೇರಿದ. ಸರ್ವರ್ ಉತ್ತರ ಕೊಡ್ತು... ಸದಾನಂದ, ಇಲ್ಲಿ ನೋಡು. ಉತ್ತರ ಎಲ್ಲಿಗೆ ಹೊರಟಿದೆ!”

ಉತ್ತರ ಹೊಸ ಬಾಗಿಲಿನತ್ತ ಬಂದಿರಲಿಲ್ಲ. ಮೂಲೆಯಲ್ಲಿ ಇನ್ನೂ ದೀಪ ಮಿನುಗಿಸುತ್ತ ಕೂತಿದ್ದ ಕ್ಲಿನಿಕ್ಕಿನ ಹಳೆಯ ಫೈರ್‌ವಾಲಿನ ಕಡೆಗೆ ಹೋಗಿತ್ತು. ಡೀನ್ ಹೊಸ ದಾರಿಯನ್ನು ಹಾಕಿದ್ದನೇ ಹೊರತು ಹಳೆಯದನ್ನು ತೆಗೆದಿರಲಿಲ್ಲ. ಕ್ಲಿನಿಕ್ಕಿನ ಮನೆಗೆ ಲ್ಯಾಬಿಗೆ ಹೋಗಲು ಸರಿಸಮನಾದ ಎರಡು ದಾರಿ ಕಾಣುತ್ತಿದ್ದವು. ಅದು ನ್ಯಾಯವಾಗಿ ಅರ್ಧ ಉತ್ತರಗಳನ್ನು ಇತ್ತ, ಅರ್ಧವನ್ನು ಅತ್ತ ಕಳಿಸುತ್ತಿತ್ತು. ಅತ್ತ ಹೋದವನ್ನು ಹಳೆಯ ಫೈರ್‌ವಾಲ್, ಈ ಮಾತುಕತೆ ಶುರುವಾದದ್ದನ್ನೇ ನಾನು ಕಂಡಿಲ್ಲ ಎಂದು ಎಸೆದುಬಿಡುತ್ತಿತ್ತು. ಕ್ಲಿನಿಕ್ಕಿನ ಉತ್ತರ ಸಿಗದೆ ಲ್ಯಾಬು ವರದಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು.

ಅವಳು ಅವಿನೇಶ್‌ಗೆ ಫೋನ್ ಮಾಡಿದಳು. ಅವನು ನಾಂದಿ ಎಂಬ ಊರಿನ ಒಂದು ಸಮ್ಮೇಳನದಲ್ಲಿದ್ದ. ಫೋನನ್ನು ಅವಳು ಮೇಜಿನ ಮೇಲೆ ಇಟ್ಟಿದ್ದರಿಂದ ನನಗೂ ಕೇಳಿಸಿತು.

“ಅಕ್ಕ, ಸೋಮವಾರದವರೆಗೆ ಯಾರೂ ಏನೂ ಮುಟ್ಟಬಾರದು ಅಂತ ಸುತ್ತೋಲೆ ಕಳಿಸಿದೀನಿ. ಡೀನ್ ಬಂದು ನೋಡ್ಲಿ.”

“ಡೀನ್ ಎಲ್ಲಿ?”

“ರಜದಲ್ಲಿದಾರೆ.”

“ಕಾಯಿಲೆಯವ್ರಿಗೂ ರಜ ಕೊಡ್ಲಾ?”

“ಅಕ್ಕ, ಪ್ಲೀಸ್. ಇನ್ನೊಂದು ಸೆಷನ್ ಶುರುವಾಯ್ತು.” ಫೋನ್ ಕಡಿದುಹೋಯಿತು.

ಹತ್ತು ನಿಮಿಷಕ್ಕೆ ಮತ್ತೆ ಸಲನಿಯೆತಾ. “ನೌ, ಆರು ಜನ ಇಲ್ಲಿ ಕುರ್ಚೀಲಿ ಕೂತಿದಾರೆ. ಪೊಟ್ಯಾಸಿಯಂ ಎಷ್ಟು ಅಂತ ಗೊತ್ತಾಗ್ದೆ ನಾನು ಯಾರನ್ನ ಮೊದಲು ಮಷೀನಿಗೆ ಹಾಕ್ಲಿ?” ನೌ ಎಂದರೆ ಅಮ್ಮ. ಕಿರಿಯರೆಲ್ಲ ವಿಲಿಮೈನಾಳನ್ನು ಹಾಗೆ ಕರೆಯುತ್ತಿದ್ದರು.

“ಹಿಡ್ಕೋ ಮಗಳೇ,” ಎಂದು ವಿಲಿಮೈನಾ ಕೀಲಿಮಣೆಗೆ ಕೈ ಇಟ್ಟಳು.

“ಅಕ್ಕ, ಬೇಡ,” ಎಂದೆ.

“ನೀನು ಆ ಕಡೆ ತಿರುಗು. ನೋಡ್ಲಿಲ್ಲ ಅಂತ ಹೇಳು.”

ನಾಲ್ಕು ಸಾಲು. ಹಳೆಯ ದಾರಿ ಹೋಯಿತು, ಹೊಸದೊಂದೇ ಉಳಿಯಿತು. ಆಗ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಫೋನಿನಲ್ಲಿ ಸಲನಿಯೆತಾ, “ಬಂತು... ಬಂತು... ಎಲ್ಲಾ ಬಂತು ನೌ!” ಎಂದು ಕೂಗಿದಳು. ವಿಲಿಮೈನಾ ಹಿಂದಕ್ಕೆ ಒರಗಿ ಬುಟ್ಟಿಯಿಂದ ಬೇಯಿಸಿದ ಮರಗೆಣಸಿನ ತುಂಡು ತೆಗೆದು ತಿಂದಳು. ಮಧ್ಯಾಹ್ನದ ಊಟ ಅದೇ.

ಆಮೇಲೆ ಅವಿನೇಶ್‌ಗೆ, ಡೀನ್‌ಗೆ ಮೇಲ್ ಬರೆದಳು. ನನಗೊಂದು ಪ್ರತಿ. ಏನು ತಪ್ಪಾಗಿತ್ತು, ತಾನು ಏನು ಬದಲಿಸಿದೆ, ಎಷ್ಟು ಗಂಟೆಗೆ. ಕೊನೆಗೆ ಎರಡು ಮಾತು: ಹಳೆಯ ಫೈರ್‌ವಾಲಿನ ಕೇಬಲ್ ಕೂಡಲೇ ಕೀಳಬೇಕು; ಡೀನ್ ತಮ್ಮಲ್ಲಿರುವ ಫೈರ್‌ವಾಲ್ ಜೋಡಣೆಯ ಪ್ರತಿಯಲ್ಲೂ ಇದನ್ನು ತಿದ್ದಿಕೊಳ್ಳಬೇಕು, ಇಲ್ಲದಿದ್ದರೆ ಅವರು ಆ ಪ್ರತಿಯನ್ನು ಮತ್ತೆ ಏರಿಸಿದ ದಿನ ಹಳೆಯ ತೊಂದರೆ ಮರಳಿ ಬರುತ್ತದೆ.

ಅವಿನೇಶ್ ಸಂಜೆ ಒಂದೇ ಸಾಲು ಬರೆದ: ಇದನ್ನು ಎಚ್ಚರಿಕೆ ಎಂದು ತಿಳಿಯಿರಿ.

ಶನಿವಾರ ಅವಳು ಹಡಗು ಹತ್ತಿ ಕೋರೊಗೆ ಹೋದಳು. ಚಿಕ್ಕಪ್ಪ ತೀರಿಕೊಂಡಿದ್ದ. ಮಣ್ಣು ಮಾಡಿ, ನಾಲ್ಕನೆಯ ದಿನದ ಕಾರ್ಯ ಮುಗಿಸಿ, ಮುಂದಿನ ಹಡಗಿಗೆ ಬರುವುದು ಎಂದರೆ ಗುರುವಾರ.

ಸೋಮವಾರ ಬೆಳಗ್ಗೆ ಡೀನ್ ರಜ ಮುಗಿಸಿ ಬ್ರಿಸ್ಬೇನಿನಲ್ಲಿ ಕೆಲಸಕ್ಕೆ ಮರಳಿದ. ಹಡಗಿನ ಕಂಪನಿಯವರ ಇನ್ಯಾವುದೋ ತಕರಾರಿಗೆ ಅವನು ತನ್ನಲ್ಲಿದ್ದ ಗುರುವಾರದ ಪ್ರತಿಯನ್ನೇ ಇಡಿಯಾಗಿ ಫೈರ್‌ವಾಲಿಗೆ ಏರಿಸಿದ. ಮೇಲ್ ಓದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಹಳೆಯ ದಾರಿ ಮತ್ತೆ ಬಂದು ಕೂತಿತು.

ಮಂಗಳವಾರ ಸಲನಿಯೆತಾ ಫೋನ್ ಮಾಡಿದಳು. ನಾನು ಎತ್ತಿದೆ. “ನೌ ಇಲ್ವಾ? ಮತ್ತೆ ಅದೇ ಆಗ್ತಿದೆ. ಅರ್ಧ ಬರ್ತಿವೆ.”

ನಾನು ಒಳಗೆ ಹೋಗಿ ನೋಡಿದೆ. ಎರಡು ದಾರಿ, ಅಕ್ಕಪಕ್ಕ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆ ನಾಲ್ಕು ಸಾಲನ್ನು ನಾನು ನಾಲ್ಕು ದಿನದ ಹಿಂದೆ ನೋಡಿದ್ದೆ, ಆ ಕಡೆ ತಿರುಗಿರಲಿಲ್ಲ. ಮುಂದಿನ ತಿಂಗಳು ನನ್ನ ಗುತ್ತಿಗೆ ನವೀಕರಣವಾಗಬೇಕಿತ್ತು. ಅವಳಿಗೆ ಬಂದ ಒಂದು ಸಾಲಿನ ಎಚ್ಚರಿಕೆ ನನ್ನ ಕಣ್ಣ ಮುಂದಿತ್ತು. ಡೀನ್‌ನ ಹೆಸರಿಗೆ ಒಂದು ದೂರು ದಾಖಲಿಸಿದೆ. ಎಷ್ಟು ತುರ್ತು ಎಂದು ಕೇಳುವ ಜಾಗದಲ್ಲಿ ‘ಸಾಧಾರಣ’ ಎಂದು ಆರಿಸಿದೆ. ತುರ್ತು ಎಂದರೆ ಅವಿನೇಶ್‌ನ ಫೋನಿಗೆ ಗಂಟೆ ಬಾರಿಸುತ್ತದೆ, ಏಕೆ ಏನು ಎಂದು ನನ್ನನ್ನೇ ಕೇಳುತ್ತಾರೆ.

“ಹೇಳಿದೀನಿ ಸಿಸ್ಟರ್, ನೋಡ್ತಾರೆ,” ಎಂದೆ ಸಲನಿಯೆತಾಗೆ.

ಬುಧವಾರ ಇಲಿಯೆಸಾ ಎಂಬವರು ನೌಸೋರಿಯ ಕೇಂದ್ರಕ್ಕೆ ಬಂದರು. ಅರವತ್ತೊಂದು ವರ್ಷ, ಬಸ್ ಓಡಿಸಿ ನಿವೃತ್ತರಾದವರು. ಆ ದಿನ ಎರಡು ಮಷೀನು ಕೆಟ್ಟಿದ್ದವು. ರಕ್ತ ತೆಗೆದುಕೊಂಡು, ‘ಮನೆಗೆ ಹೋಗಿ, ಪೊಟ್ಯಾಸಿಯಂ ಜಾಸ್ತಿ ಇದ್ರೆ ಫೋನ್ ಮಾಡಿ ಕರೀತೀವಿ’ ಎಂದು ಕಳಿಸಿದರು. ಮುಂಚೆಲ್ಲ ಅಂಕಿ ಹೃದಯ ನಿಲ್ಲಿಸುವ ಅಪಾಯದ ಮಟ್ಟಕ್ಕೆ ಏರಿದ್ದರೆ ಲ್ಯಾಬಿನವರೇ ಕ್ಲಿನಿಕ್ಕಿಗೆ ಫೋನ್ ಮಾಡಿ ಹೇಳುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ವರದಿ ತಾನಾಗಿ ಹೋಗುವುದರಿಂದ ಆ ಪದ್ಧತಿಯನ್ನು ನಿಲ್ಲಿಸಿದ್ದರು. ಇಲಿಯೆಸಾರ ವರದಿ ಲ್ಯಾಬಿನಲ್ಲೇ ಸರದಿಯಲ್ಲಿ ಕೂತಿತ್ತು. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅವರು ಮನೆಯಲ್ಲಿ ತೀರಿಕೊಂಡಿದ್ದರು.

ಗುರುವಾರ ವಿಲಿಮೈನಾ ಹಡಗಿನಿಂದ ಇಳಿದವಳು ನೇರವಾಗಿ ಆಫೀಸಿಗೆ ಬಂದಳು. ಸಲನಿಯೆತಾ ಅವಳಿಗೆ ಫೋನ್ ಮಾಡಿ ಅತ್ತಿದ್ದಳು. ಕಂಕುಳಲ್ಲಿ ಚಾಪೆಯ ಸುರುಳಿ, ಮೈಮೇಲೆ ಸೂತಕದ ಕಪ್ಪು ಬಟ್ಟೆ. ಕೂರಲಿಲ್ಲ. ನಿಂತಲ್ಲಿಂದಲೇ ನನ್ನ ಪರದೆ ನೋಡಿದಳು.

“ಮಂಗಳವಾರ ಸಲನಿಯೆತಾ ಫೋನ್ ಮಾಡಿದ್ಲಾ?”

“ಮಾಡಿದ್ರು.”

“ನೋಡಿದ್ಯಾ?”

“ನೋಡ್ದೆ.”

“ನೋಡಿ?”

“ದೂರು ಹಾಕ್ದೆ ಅಕ್ಕ.”

ಅವಳು ಬೈಯಲಿಲ್ಲ. ಚಾಪೆಯನ್ನು ಗೋಡೆಗೆ ಒರಗಿಸಿ, ಕೂತು, ಆ ನಾಲ್ಕು ಸಾಲನ್ನು ಮತ್ತೆ ಬರೆದಳು. ಎದ್ದು ಯಂತ್ರದ ಕೋಣೆಗೆ ಹೋಗಿ ಹಳೆಯ ಫೈರ್‌ವಾಲಿನ ಕೇಬಲ್‌ಗಳನ್ನೆಲ್ಲ ಕಿತ್ತಳು. ಕಿತ್ತ ಸದ್ದು ನನಗೆ ಹೊರಗೆ ಕೇಳಿಸಿತು.

ಎರಡು ದಿನಕ್ಕೆ ಅವಳನ್ನು ಅಮಾನತು ಮಾಡಿದರು. ಮೇಲ್ ಮುಚ್ಚಿದರು, ಗುರುತಿನ ಚೀಟಿ ತೆಗೆದುಕೊಂಡರು. ಮೂರು ವಾರದ ಮೇಲೆ ಕಂಪನಿಯೇ ನೇಮಿಸಿದ ಮೂವರು ವಿಚಾರಣೆಗೆ ಕೂತರು. ಫೈರ್‌ವಾಲಿನ ದಾಖಲೆಯಲ್ಲಿ ಕ್ಲಿನಿಕ್ಕಿನ ಮನೆಯೊಳಗೆ ಕೈಯಾಡಿಸಿದ ಮನುಷ್ಯರ ಹೆಸರು ಒಂದೇ ಇತ್ತು: ವಿಲಿಮೈನಾ, ಶುಕ್ರವಾರ ಒಮ್ಮೆ, ಗುರುವಾರ ಒಮ್ಮೆ. ಡೀನ್ ಸೋಮವಾರ ಮಾಡಿದ್ದು ಎಲ್ಲರೂ ಬಳಸುವ ಸಾಮಾನ್ಯ ಹೆಸರಿನಲ್ಲಿ, ‘ಅಡ್ಮಿನ್’ ಎಂದು ದಾಖಲಾಗಿತ್ತು. ಅಪ್ಪಣೆಯಿಲ್ಲದೆ ಮುಟ್ಟಿದಳು, ಕೆಟ್ಟಿತು, ಸಾವಾಯಿತು, ಸಿಕ್ಕಿಬೀಳುವ ಹೊತ್ತಿಗೆ ಮತ್ತೆ ಮುಟ್ಟಿ ಮುಚ್ಚಿಹಾಕಿದಳು. ಓದುವವರಿಗೆ ಸಲೀಸಾದ ಕಥೆ. ಅವಳು ತನ್ನ ಪೆನ್ಸಿಲ್ ನಕ್ಷೆಯ ನೋಟ್‌ಬುಕ್ ತೆಗೆದು ತೋರಿಸಲು ಹೋದರೆ, ಕೈಬರಹವನ್ನು ಯಾವಾಗ ಬೇಕಾದರೂ ಬರೆಯಬಹುದಲ್ಲ ಎಂದರಂತೆ.

“ನಾನು ಮೇಲ್ ಕಳಿಸಿದ್ದೆ. ಅವಿನೇಶ್, ಡೀನ್ ಒಪ್ಪದಿದ್ರೆ ಸದಾನಂದ ನಾಯ್ಕರ್‌ಗೂ ಪ್ರತಿ ಇದೆ. ಅವನನ್ನ ಕೇಳಿ,” ಎಂದಳಂತೆ.

ನನ್ನನ್ನು ಕರೆಯುವ ದಿನ ಬೆಳಗ್ಗೆ ಅವಿನೇಶ್ ನನ್ನನ್ನು ಚಹಾಕ್ಕೆ ಕರೆದುಕೊಂಡು ಹೋದ. ನೇರವಾಗಿ ಏನೂ ಹೇಳಲಿಲ್ಲ.

“ಸದಾ ಭಾಯಿ, ಆ ಮಂಗಳವಾರದ ದೂರು ನೋಡ್ದೆ. ಸಾಧಾರಣ ಅಂತ ಹಾಕಿದೀರಿ.”

“ಹೌದು.”

“ಮೇಲ್ ವಿಷಯ ಬಂದ್ರೆ ಅದೂ ಬರುತ್ತೆ. ಎಲ್ಲಾ ಗೊತ್ತಿದ್ದೂ ಸಾಧಾರಣ ಯಾಕೆ ಅಂತ ಕೇಳ್ತಾರೆ. ಅವ್ರನ್ನಂತೂ ಉಳಿಸೋಕಾಗಲ್ಲ. ಇನ್ನೊಬ್ರನ್ನ ಕಳ್ಕೊಳ್ಳೋಕೆ ನನಗಿಷ್ಟ ಇಲ್ಲ.” ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನೊಂದು ತೆಗೆದುಕೊಂಡೆ.

ಒಳಗೆ ಅವರು ಕೇಳಿದರು. ನಾನು, “ಮೇಲ್ ದಿನಕ್ಕೆ ನೂರು ಬರ್ತವೆ. ನೆನಪಿಲ್ಲ,” ಎಂದೆ. ಇನ್ನೇನೂ ಕೇಳಲಿಲ್ಲ. ನಾಲ್ಕು ನಿಮಿಷದಲ್ಲಿ ಹೊರಗಿದ್ದೆ.

ಇಪ್ಪತ್ತಮೂರು ವರ್ಷದ ಕೆಲಸದಿಂದ ಅವಳನ್ನು ಒಂದು ಪುಟದ ಪತ್ರ ಕೊಟ್ಟು ತೆಗೆದರು. ಕಂಪನಿಯಿಂದ ಯಾರೂ ಇಲಿಯೆಸಾರ ಮನೆಗೆ ಹೋಗಲಿಲ್ಲ. ವಕೀಲರು ಬೇಡವೆಂದಿದ್ದರು.

ತಿಂಗಳಾದ ಮೇಲೆ ಅವಳ ಫೋನು. “ಸದಾ, ಶನಿವಾರ ಕಾರು ಸಿಗುತ್ತಾ? ರೇವಾ ನದಿ ದಾಟಿ ಹೋಗ್ಬೇಕು.”

“ಯಾರ ಮನೆಗೆ?”

“ಇಲಿಯೆಸಾ ಮನೆಗೆ. ಸೋರೋ ಒಪ್ಪಿಸ್ಬೇಕು.”

ಇಲ್ಲಿ ಒಬ್ಬರಿಂದ ಇನ್ನೊಬ್ಬರ ಮನೆಗೆ ದೊಡ್ಡ ಕೇಡಾದರೆ ತಿಮಿಂಗಿಲದ ಹಲ್ಲು ಹಿಡಿದು ಅವರ ಬಾಗಿಲಲ್ಲಿ ಮಂಡಿಯೂರುತ್ತಾರೆ. ತಪ್ಪು ಒಪ್ಪಿಕೊಂಡು ಕ್ಷಮೆ ಬೇಡುವುದು ಅದು.  “ಅಕ್ಕ, ನೀವ್ಯಾಕೆ?” ಎಂದೆ.

“ಕಾರು ಸಿಗುತ್ತೋ ಇಲ್ವೋ, ಅಷ್ಟು ಹೇಳು.”

ಅವಳ ಸೋದರಮಾವ ತೋಮಾಸಿ ಜೊತೆಗೆ ಬಂದರು. ಇಂಥ ಕಡೆ ಹಿರಿಯ ಗಂಡಸು ಮಾತಾಡಬೇಕು. ತಿಮಿಂಗಿಲದ ಹಲ್ಲು ಅವಳ ಅಪ್ಪನ ಮನೆಯದು, ಹಳದಿಗಟ್ಟಿ ನುಣುಪಾಗಿತ್ತು. ದಾರಿಯುದ್ದಕ್ಕೂ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. 

ಆ ಮನೆಯವರು ನಮ್ಮನ್ನು ಕೂಡಲೇ ಒಳಗೆ ಕರೆಯಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಅವಳೂ ತೋಮಾಸಿಯೂ ಬಾಗಿಲ ಹೊರಗೆ ಬಿಸಿಲಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾನು ಹಿಂದೆ ಮಾವಿನ ಮರದ ನೆರಳಿನಲ್ಲಿ. ಕಡೆಗೆ ಒಬ್ಬ ಹೆಂಗಸು ಬಂದು ಬಾಗಿಲ ಪರದೆ ಎತ್ತಿದಳು.

ಒಳಗೆ ಚಾಪೆಯ ಮೇಲೆ ಇಲಿಯೆಸಾರ ಹೆಂಡತಿ ಲೋಸನಾ, ಮಗ ಪೆನಿಯಾಸಿ, ಮತ್ತೆ ನಾಲ್ಕೈದು ಮಂದಿ ನೆಂಟರು. ತೋಮಾಸಿ ಎರಡೂ ಕೈಯಲ್ಲಿ ಹಲ್ಲನ್ನು ಹಿಡಿದು ನಿಧಾನವಾಗಿ ಮಾತಾಡಿದರು. ‘ನಮ್ಮ ಮಗಳ ಕೆಲಸದ ಜಾಗದಿಂದ ಈ ಮನೆಯ ದೀಪ ಆರಿದೆ. ಹೇಳಿಕೊಳ್ಳಲು ನಮಗೆ ಮುಖವಿಲ್ಲ. ಈ ಹಲ್ಲು ಚಿಕ್ಕದು, ನಿಮ್ಮ ದುಃಖ ದೊಡ್ಡದು’ ಎಂದರು. ವಿಲಿಮೈನಾ ಮಂಡಿಯೂರಿ ಹಣೆಯನ್ನು ಚಾಪೆಗೆ ಹತ್ತಿರ ಬಾಗಿಸಿದ್ದಳು.

ಪೆನಿಯಾಸಿ ಮೂವತ್ತರ ಗಟ್ಟಿ ಆಳು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ಪೇಪರಲ್ಲಿ ಓದಿದೀನಿ. ನಿಮ್ಮ ಬಾಯಿಂದ ಕೇಳ್ಬೇಕು. ನೀವು ಅದನ್ನ ಮುಟ್ಟದೇ ಇದ್ದಿದ್ರೆ ನಮ್ಮಪ್ಪ ಇರ್ತಿದ್ರಾ?”

ನೆಂಟರಲ್ಲೊಬ್ಬರು ‘ಪೆನಿ’ ಎಂದು ಗದರಿದರು. ವಿಲಿಮೈನಾ ತಲೆ ಎತ್ತಿದಳು.

“ನಾನು ಮುಟ್ಟಿದ್ರಿಂದ ಅಲ್ಲಪ್ಪ. ಮುಟ್ಟಿದ್ದನ್ನ ಅಳಿಸಿದ್ರು, ಮತ್ತೆ ಯಾರೂ ಮುಟ್ಲಿಲ್ಲ. ಅದ್ರಿಂದ.”

“ಯಾರು ಮುಟ್ಟಬೇಕಿತ್ತು?”

ಅವಳು ನನ್ನ ಕಡೆ ತಿರುಗಲಿಲ್ಲ, ಕಣ್ಣೂ ಹಾಯಿಸಲಿಲ್ಲ. ನಾನು ಅವಳಿಗಿಂತ ಎರಡು ಮಾರು ಹಿಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಚಾಪೆಯ ಅಂಚಿನ ಕೆಂಪು ಉಣ್ಣೆಯ ಎಳೆ ನನ್ನ ಬೆರಳಿಗೆ ಸಿಕ್ಕಿತ್ತು. ಬಾಯಿ ತೆರೆದಿದ್ದರೆ ಒಂದೇ ಮಾತು ಸಾಕಿತ್ತು.

“ನನ್ನ ಕೆಲಸದ ಜಾಗದಿಂದ ಒಬ್ರು ಬರ್ಬೇಕಿತ್ತು,” ಎಂದಳು ಅವಳು ಕಡೆಗೆ. “ಯಾರೂ ಬರಲ್ಲ ಅಂತ ಗೊತ್ತಾಯ್ತು. ಅದಕ್ಕೆ ಬಂದೆ.”

ಪೆನಿಯಾಸಿಯ ಕಣ್ಣು ನನ್ನ ಮೇಲೆ ಬಿತ್ತು. “ಇವ್ರು ಯಾರು?”

ಅವಳು ಹೇಳುವ ಮುಂಚೆ ನಾನೇ ಹೇಳಿದೆ. “ಕಾರು ತಂದೋನು.”

ಲೋಸನಾ ಕೈ ಚಾಚಿ ಹಲ್ಲನ್ನು ತೆಗೆದುಕೊಂಡಳು. ಒಪ್ಪಿಕೊಂಡಂತೆ. ಎದ್ದು ಬಂದು ವಿಲಿಮೈನಾಳ ಬೆನ್ನ ಮೇಲೆ ಕೈಯಿಟ್ಟಳು. ಇಬ್ಬರೂ ಹೆಂಗಸರು ಅತ್ತರು. ಪೆನಿಯಾಸಿ ಹೊರಗೆ ಹೋಗಿಬಿಟ್ಟ. ಯಂಗೋನಾ ಬೇರಿನ ಪಾನಕ ಕಲಸಿ ತೆಂಗಿನ ಚಿಪ್ಪಿನಲ್ಲಿ ಕೊಟ್ಟರು. ನನ್ನ ಸರದಿ ಬಂದಾಗ ಪದ್ಧತಿಯಂತೆ ಚಪ್ಪಾಳೆ ತಟ್ಟಿ ಕುಡಿದೆ. ಎಲ್ಲರೂ ತಟ್ಟಿದರು.

ವಾಪಸ್ ಬರುವಾಗ ತೋಮಾಸಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಸೇತುವೆಯ ಮೇಲೆ ವಾಹನಗಳು ಕಟ್ಟಿಕೊಂಡು ನಿಂತವು. ಆಗ ಅವಳು ಮಾತಾಡಿದಳು.

“ನಿನ್ನ ಹೆಸರು ಹೇಳಿಬಿಡ್ತೀನಿ ಅಂತ ಹೆದರಿದ್ಯಾ?”

ನಾನು ಮುಂದೆ ನಿಂತ ಲಾರಿಯತ್ತ ನೋಡಿದೆ.

“ನಿನ್ನ ಬಾಯಿ ನಿನಗಿದೆ. ನನ್ನ ಬಾಯಿಂದ ಯಾಕೆ ಬರ್ಬೇಕು?” ಎಂದಳು. ಆಮೇಲೆ, “ಆ ಲಾರಿ ಸರೀತು, ಹೋಗು,” ಎಂದಳು.

ಅದಾದ ಮೇಲೆ ಅವಳು ನನಗೆ ಫೋನ್ ಮಾಡಲಿಲ್ಲ.

ನನ್ನ ಗುತ್ತಿಗೆ ನವೀಕರಣವಾಯಿತು, ಒಂದು ವರ್ಷಕ್ಕೆ. ಅವಳ ಮೇಜಿಗೆ ಯಾರೂ ಬರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಫೈರ್‌ವಾಲ್ ನೋಡಿಕೊಳ್ಳುವ ಕೆಲಸವನ್ನೆಲ್ಲ ಬ್ರಿಸ್ಬೇನಿಗೇ ವಹಿಸಿ ನಮ್ಮ ವಿಭಾಗವನ್ನು ಮುಚ್ಚಿದರು. ಅವಿನೇಶ್ ಅಷ್ಟರಲ್ಲಿ ಆಕ್ಲೆಂಡಿನ ದೊಡ್ಡ ಹುದ್ದೆಗೆ ಹೋಗಿದ್ದ. ಹೋಗುವ ಮುಂಚೆ ಕೇಕ್ ತರಿಸಿದ್ದ.

ಕೊನೆಯ ದಿನ ನಾನು ಮೇಲ್ ಪೆಟ್ಟಿಗೆ ತೆರೆದು ಅವಳ ಆ ಶುಕ್ರವಾರದ ಮೇಲನ್ನು ಕಾಗದದ ಮೇಲೆ ತೆಗೆದುಕೊಂಡೆ. ಕಳೆದುಕೊಳ್ಳಲು ನನಗೆ ಆಗ ಏನೂ ಉಳಿದಿರಲಿಲ್ಲ, ಅದಕ್ಕೇ ಧೈರ್ಯ ಬಂದಿತ್ತು. ಅದರ ಜೊತೆಗೆ, ಮಂಗಳವಾರ ನಾನು ನೋಡಿದ್ದು, ಮಾಡದೆ ಬಿಟ್ಟದ್ದು, ವಿಚಾರಣೆಯಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಎರಡು ಪುಟ ಬರೆದು ಸಹಿ ಹಾಕಿ ಕ್ಲಿನಿಕ್ಕಿನ ಆಡಳಿತ ಮಂಡಳಿಗೂ ನಮ್ಮ ಕಂಪನಿಗೂ ಕಳಿಸಿದೆ. ಲೋಸನಾಳಿಗೂ ಒಂದು ಪ್ರತಿ. ಅವಳಿಂದ ಉತ್ತರ ಬರಲಿಲ್ಲ. ಕಂಪನಿಯಿಂದಲೂ ಇಲ್ಲ. ಆಡಳಿತ ಮಂಡಳಿಯಿಂದ ಆರು ವಾರಕ್ಕೆ ಎರಡು ಸಾಲು ಬಂತು: ಪತ್ರ ತಲುಪಿದೆ, ಪ್ರಕರಣ ಮುಗಿದಿರುವುದರಿಂದ ಮುಂದಿನ ಕ್ರಮವಿಲ್ಲ.

ಅವಳ ಮೇಲ್, ನನ್ನ ಪತ್ರ, ಈ ಉತ್ತರ, ಮೂರನ್ನೂ ಹಿಡಿದು ನಾನು ನೌಸೋರಿಗೆ ಹೋದೆ. ವಿಲಿಮೈನಾ ಅಲ್ಲಿ ಮಾರ್ಕೆಟ್ಟಿನ ಹಿಂದೆ, ಹಗ್ಗ, ಬಲೆ, ಮೊಳೆ, ಬಣ್ಣ ಮಾರುವ ಅಂ­ಗಡಿಯೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೆಲಸಕ್ಕಿದ್ದಳು. ಇಳಿದುಹೋಗಿದ್ದಳು. ಕೂದಲು ಪೂರ್ತಿ ಬಿಳಿ. ನಾನು ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಮೊದಲು ಮಂಡಳಿಯ ಎರಡು ಸಾಲು, ಆಮೇಲೆ ನನ್ನ ಎರಡು ಪುಟ, ಕೊನೆಗೆ ತನ್ನದೇ ಮೇಲು. ಅದನ್ನು ಓದುವಾಗ ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಕ್ಲಿನಿಕ್ ಸರ್ವರಿನ ವಿಳಾಸದಲ್ಲಿ ಒಂದು ಅಂಕಿ ತಪ್ಪಾಗಿದೆ. ಎಂಟು ಇರ್ಬೇಕು, ಆರು ಬರ್ದಿದೀನಿ. ಅವತ್ತು ಗಮನಿಸ್ಲಿಲ್ಲ.”

“ಅಕ್ಕ,” ಎಂದೆ. ಮುಂದಿನ ಮಾತನ್ನು ಬಸ್ಸಿನಲ್ಲಿ ಬರುತ್ತ ಹತ್ತು ಸಲ ಹೇಳಿಕೊಂಡಿದ್ದೆ. 

ಅವಳು ಕಾಗದಗಳನ್ನು ಮಡಿಸಿ ನನಗೇ ವಾಪಸ್ ಕೊಟ್ಟಳು. ನನ್ನ ಹಿಂದೆ ಮೀನುಗಾರನೊಬ್ಬ ಬಂದು ನಿಂತಿದ್ದ. ಅವನು ಕೇಳಿದ ನೈಲಾನ್ ಹಗ್ಗವನ್ನು ಅಳೆದು, ಕತ್ತರಿಸಿ, ತುದಿ ಬಿಚ್ಚಿಕೊಳ್ಳದಂತೆ ಬೆಂಕಿಕಡ್ಡಿ ಗೀರಿ ಸುಟ್ಟು ಕೊಟ್ಟಳು. ಅವನು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.

“ನಿಮಗೇನು ಬೇಕಿತ್ತು?” ಎಂದಳು ನನ್ನನ್ನು.

ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ‘ನೀವು’ ಅಂದದ್ದೇ ಇಲ್ಲ. ಏನೂ ಬೇಡ ಎಂದು ಹೇಳಿ ಹೊರಗೆ ಬಂದು ಸುವಾ ಬಸ್ಸಿಗೆ ಕಾದೆ.